ಪೆನ್ಸಿಲ್ಲಿನ ಮೂಗು, ಬ್ಯಾಂಕಾಕಿನ ಸೂಜಿ

ಅಥವಾ ಆ ಬಿಳಿ ಕಲೆ ಮೂಗಿನ ಎಡಬದಿಗೆ ಇತ್ತೇನೋ. ಬಲಬದಿಗೆ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಈಗ ಕಣ್ಣು ಮುಚ್ಚಿದರೂ ಅದು ಬಲಬದಿಗೇ ಕಾಣುತ್ತದೆ. ಆದರೆ ನಾನು ನಿಂತಿದ್ದ ಕಡೆ ಎದುರಿಗೆ ಗೋಡೆಯುದ್ದ ಕನ್ನಡಿಯಿತ್ತು. ನೀಲಾಳ ಮುಖವನ್ನು ನೇರವಾಗಿ ನೋಡಿದೆನೋ ಕನ್ನಡಿಯಲ್ಲಿ ನೋಡಿದೆನೋ ಎಂಬ ಸಂಶಯ ಮೊನ್ನೆ ಮೊದಲ ಸಲ ಬಂತು. ಕನ್ನಡಿಯಲ್ಲಿ ನೋಡಿದ್ದರೆ ನನ್ನ ಕಥೆಯ ಬಲವೆಲ್ಲ ಎಡವಾಗುತ್ತದೆ.

ಪಾಸ್‌ಪೋರ್ಟ್ ತೆಗೆದು ನೋಡಿದೆ. ಬ್ಯಾಂಕಾಕಿನ ಮುದ್ರೆಯ ಶಾಯಿ ಹರಡಿಹೋಗಿದೆ. ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಗೊತ್ತಾಗುವುದಿಲ್ಲ. ನಾನು ಬೆಳಗಾವಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಫೋಟೋದ ಮೇಲೆ ಅದಕ್ಕಿಂತ ಕಡಿಮೆ, ಯಾಕೆಂದರೆ ಅವನ್ನು ತಿದ್ದುವವನು ನಾನೇ. ನನ್ನ ಜೀವನದಲ್ಲಿ ನಾನು ಕಂಡ ಪರದೇಶ ಅದೊಂದೇ, ಅದೂ ಒಂದು ವಾರ. ಅದನ್ನು ಬರೆಯುವಾಗ ಎಲ್ಲಿ ತಿದ್ದುತ್ತೇನೋ ಅಲ್ಲಿ ಹೇಳಿಬಿಡುತ್ತೇನೆ, ಗೊತ್ತಾದರೆ.

ಖಾನಾಪುರ

ನೀಲಾ ನನ್ನ ಚಿಗವ್ವನ ಮಗಳು, ಅಂದರೆ ತಾಯಿಯ ತಂಗಿಯ ಮಗಳು. ನನಗಿಂತ ಎಂಟು ವರ್ಷ ಚಿಕ್ಕವಳು. ಖಾನಾಪುರದ ಶಾಲೆಯಲ್ಲಿ ಕಲಿಸುತ್ತಿದ್ದಳು. ಮಕ್ಕಳಲ್ಲಿ ಅರ್ಧ ಮರಾಠಿ ಮನೆಯವರು, ಆದ್ದರಿಂದ ಎಲ್ಲರಿಗೂ ಆಕೆ 'ಬಾಯಿ', ಅಂದರೆ ಟೀಚರು. ಬೆನ್ನ ಹಿಂದೆ 'ನಕಟಿ ಬಾಯಿ'. ನಕಟಿ ಎಂದರೆ ಚಪ್ಪಟೆ ಮೂಗಿನವಳು.

"ಬೆನ್ನ ಹಿಂದ ಅಂತಾವು ಖರೇ, ಆದ್ರ ಸಣ್ಣ ದನೀಲೆ ಅನ್ನಾಕ ಅವಕ್ಕ ಬರೂದಿಲ್ಲ" ಎಂದು ಆಕೆಯೇ ಹೇಳಿ ನಗುತ್ತಿದ್ದಳು.

ಎರಡು ಕಣ್ಣುಗಳ ನಡುವೆ ಆಕೆಯ ಮೂಗಿನ ದಿಂಡು ಹೆಬ್ಬೆರಳು ಕೂರುವಷ್ಟು ತಗ್ಗಿತ್ತು. ತುದಿ ಚೆನ್ನಾಗಿಯೇ ಇತ್ತು. ತಗ್ಗು ಯಾಕಾಯಿತು ಎನ್ನುವುದಕ್ಕೆ ಮನೆಯಲ್ಲಿ ಎರಡು ಕಥೆಗಳಿದ್ದವು. ನಮ್ಮ ಕಡೆ ಕೂಸಿಗೆ ಎಣ್ಣೆ ಹಚ್ಚಿ ಎರೆಯುವಾಗ ಮೂಗಿನ ದಿಂಡನ್ನು ಎರಡು ಬೆರಳಿನಲ್ಲಿ ಹಿಡಿದು ದಿನಾ ಒತ್ತಿ ಒತ್ತಿ ಎತ್ತುತ್ತಾರೆ. ನೀಲಾ ಹುಟ್ಟಿದಾಗ ಚಿಗವ್ವನಿಗೆ ಬಾಣಂತಿ ಜ್ವರ. ಎರೆಯಲು ಬಂದ ಹೆಂಗಸು ಅವಸರದವಳು, ಮೂಗು ಒತ್ತಲಿಲ್ಲ. ಇದು ಚಿಗವ್ವನ ಕಥೆ. ಹೇಳುವಾಗೆಲ್ಲ ಆಕೆಯ ಎರಡು ಬೆರಳು ಗಾಳಿಯಲ್ಲಿ ಇಲ್ಲದ ಮೂಗನ್ನು ಒತ್ತುತ್ತಿದ್ದವು. ನಾಲ್ಕು ವರ್ಷದವಳಿದ್ದಾಗ ಬೀಸುಕಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದೆ, ರಕ್ತ ನೆನಪಿದೆ ಎನ್ನುವುದು ನೀಲಾಳ ಕಥೆ. ಆ ಬೀಸುಕಲ್ಲು ಮನೆಗೆ ಬಂದದ್ದೇ ಆಮೇಲೆ ಎಂದು ಚಿಗವ್ವ ಜಗಳ ತೆಗೆಯುತ್ತಿದ್ದಳು.

ಮೂರನೆಯ ಕಥೆ ನನ್ನದು. ಅದು ತಗ್ಗಿನದಲ್ಲ, ಎತ್ತರದ್ದು. ಆಕೆಯನ್ನು ನೋಡಲು ಬರುವವರಿಗೆ ಕಳಿಸಲೆಂದು ನಾನೇ ಫೋಟೋ ತೆಗೆದಿದ್ದೆ. ಆಗ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ತಿದ್ದುವುದು ಸ್ಟುಡಿಯೋದ ದಿನದ ಕೆಲಸ. ನೆಗೆಟಿವ್‌ನಲ್ಲಿ ಪೆನ್ಸಿಲ್ ಆಡಿದ ಜಾಗ ಕಾಗದದ ಮೇಲೆ ಬೆಳ್ಳಗೆ ಬರುತ್ತದೆ. ಹುಬ್ಬುಗಳ ನಡುವಿನಿಂದ ಕೆಳಗೆ ಒಂದು ತೆಳು ಗೆರೆ ಎಳೆದೆ. ನೀಲಾಗೆ ಮೂಗು ಬಂತು. ಕೇಳದೆಯೇ ಮಾಡಿದೆ, ಎಲ್ಲರಿಗೂ ಮಾಡುತ್ತಿದ್ದೆ.

ಬಂದವರಲ್ಲಿ ಹುಡುಗನ ತಾಯಿ ಅವಲಕ್ಕಿ ತಟ್ಟೆ ತಂದ ನೀಲಾಳನ್ನು ನೋಡಿದಳು, ತನ್ನ ಚೀಲದಿಂದ ಫೋಟೋ ತೆಗೆದು ಅದನ್ನೂ ನೋಡಿದಳು.

"ಈಕಿ ತಂಗಿ ಏನ್ರಿ? ಫೋಟೋದಾಕಿನ್ನ ಕರೀರಿ."

ಚಿಗವ್ವ ಅತ್ತಳು. ನೀಲಾ ಅಳಲಿಲ್ಲ. ಫೋಟೋ ತೆಗೆದುಕೊಂಡು ಮುಂದಿನ ರೈಲಿಗೆ ಬೆಳಗಾವಿಗೆ ಬಂದಳು.

ಅನಗೋಳ, ಆಟೋ ನಗರ

ನನ್ನ ಮನೆ ಅನಗೋಳದ ಓಣಿಯಲ್ಲಿ. ಕಟ್ಟೆಯ ಮೇಲೆ ಕೂತು ಆಕೆ ಫೋಟೋವನ್ನು ಬಿಸಿಲಿಗೆ ಓರೆ ಹಿಡಿದಳು, ಗೆರೆ ಸಿಗುತ್ತದೇನೋ ಎಂಬಂತೆ.

"ಅಣ್ಣಾ, ಇಕಿ ಯಾರು?"

"ನೀನ."

"ನಾ ಅಲ್ಲ. ಆದ್ರ ಇಕಿ ನನಗ ಭಾಳ ಸೇರ್ಯಾಳ." ಫೋಟೋ ಕೆಳಗಿಟ್ಟು, "ನೀ ಬರದಾಕಿ ಖರೇನ ಇರಾಕ ಸಾಧ್ಯ ಐತೋ ಇಲ್ಲೋ, ಒಮ್ಮಿ ನೋಡಬೇಕಲ್ಲಾ. ಆ ಮಂದಿ ಸಲುವಾಗಿ ಅಲ್ಲ" ಎಂದಳು.

ನಾನು ಬೈಸಿಕೊಳ್ಳಲು ತಯಾರಾಗಿದ್ದೆ. ಆಕೆಗೆ ಕುತೂಹಲ ಬಂದುಬಿಟ್ಟಿತ್ತು.

ಬ್ಯಾಂಕಾಕಿನ ಸುದ್ದಿ ತಂದವನು ನನ್ನ ಗೆಳೆಯ ಬಶೀರ್. ಆಟೋ ನಗರದಲ್ಲಿ ಅವನ ಗ್ಯಾರೇಜು. ಗುದ್ದಿಸಿಕೊಂಡು ಬಂದ ಕಾರು, ಲಾರಿಗಳ ತಗ್ಗು ಬಡಿದು ಎತ್ತುವುದು, ಉಳಿದ ತಗ್ಗಿಗೆ ಪುಟ್ಟಿ ತುಂಬಿ ಬಣ್ಣ ಹೊಡೆಯುವುದು ಅವನ ಕೆಲಸ. ಅವನ ಅಕ್ಕ ಝುಬೇದಾ ಮದುವೆಯಾಗಿ ಬ್ಯಾಂಕಾಕಿನಲ್ಲಿದ್ದಳು. ಗಂಡನದು ಅಲ್ಲಿ ಬಟ್ಟೆ ಅಂಗಡಿ. ಅಲ್ಲಿಯ ಹೆಂಗಸರು ಕೂದಲು ಕತ್ತರಿಸಿಕೊಂಡಷ್ಟು ಸಲೀಸಾಗಿ ಮೂಗಿಗೆ ಸೂಜಿ ಚುಚ್ಚಿಸಿಕೊಂಡು ಎತ್ತರ ಮಾಡಿಸಿಕೊಳ್ಳುತ್ತಾರೆ, ಕೊಯ್ಯುವುದಿಲ್ಲ, ಅರ್ಧ ತಾಸು ಸಾಕು ಎಂದು ಆಕೆ ರಜೆಗೆ ಬಂದಾಗ ಹೇಳಿದ್ದಳಂತೆ.

"ಒಳಗ ಏನ್ ತುಂಬ್ತಾರ?" ಎಂದು ನಾನು ಕೇಳಿದೆ.

"ಎಂಥದೋ ಎಣ್ಣಿ ಅಂತ. ಸಿಲಿಕಾನ್." ಬಶೀರ್ ಒಂದು ಕಾರಿನ ಮಡ್‌ಗಾರ್ಡಿಗೆ ಪುಟ್ಟಿ ಸವರುತ್ತಿದ್ದ. "ಫೋಟೋದವ್ರ, ನನ್ನ ಕೇಳಿದ್ರ ಒಂದ ಮಾತು. ಪುಟ್ಟಿ ತೆಳ್ಳಗ ಹಚ್ಚಿದ್ರ ನಿಲ್ತೈತಿ. ದಪ್ಪ ಹಚ್ಚಿದ್ರ ಎರಡು ಬ್ಯಾಸಗಿಗೆ ಬಿರೀತೈತಿ. ಮತ್ತ ಒಳಗ ಪತ್ರಾ ತಗಡಿನ್ಯಾಗ ಏನ್ ನಡದೈತಿ ಅನ್ನೂದು ಮ್ಯಾಲ ಬಣ್ಣಾ ನೋಡಿ ಗೊತ್ತಾಗೂದಿಲ್ಲ."

"ಕಾರ್ ಬ್ಯಾರೆ, ಬಶೀರಣ್ಣ" ಎಂದಳು ನೀಲಾ.

"ಬ್ಯಾರೆನ ಅವ್ವಾ. ಕಾರಿಗೆ ನೋವಾಗೂದಿಲ್ಲ."

ಚಿಗವ್ವನಿಗೆ ದೇಶ ನೋಡಲು ಹೋಗುತ್ತೇವೆ ಎಂದೆವು. ಬುದ್ಧನ ಗುಡಿಗಳು, ದೊಡ್ಡ ಹೊಳೆ. ಈ ಸುಳ್ಳಿನ ಬೆಲೆ ಮುಂದೆ ಬರುತ್ತದೆ. ಪಾಸ್‌ಪೋರ್ಟಿಗೆ ಬೇಕಾದ ಫೋಟೋ ನಾನೇ ತೆಗೆದೆ. ಅದಕ್ಕೆ ಮಾತ್ರ ಪೆನ್ಸಿಲ್ ಮುಟ್ಟಿಸಲಿಲ್ಲ. ಸರಕಾರಿ ಕಾಗದ ಎಂಬ ಹೆದರಿಕೆ. ಹೀಗೆ ನೀಲಾ ಎರಡು ಮೂಗು ಚೀಲದಲ್ಲಿಟ್ಟುಕೊಂಡು ಹೊರಟಳು. ದಾರಿಯ ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಇತ್ತು. ಹಿಂಡಿಯ ಡಬ್ಬಿಗೆ ಸುತ್ತಿದ್ದ ಒಂದು ಹಾಳೆ ಕನ್ನಡ ಪೇಪರೂ ಇತ್ತು. ಅದೂ ಮುಂದೆ ಬರುತ್ತದೆ.

ಬ್ಯಾಂಕಾಕ್, ಮೊದಲ ದಿನ

ವಿಮಾನದ ಬಗ್ಗೆ ಹೇಳಲು ಏನೂ ಇಲ್ಲ, ನಾನು ಉದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದೆ. ಊರಿನ ಬಗ್ಗೆ ಹೇಳುವುದಾದರೆ ಮೊದಲು ಮೂಗಿಗೇ ಸಿಕ್ಕಿತು: ಕಾಲುವೆ ನೀರು, ಸುಡುವ ಎಣ್ಣೆ, ಮಲ್ಲಿಗೆ, ಕೊಳೆತ ಹಲಸಿನಂಥ ಒಂದು ಹಣ್ಣು. ಬಸ್ಸಿನಲ್ಲಿ ನನ್ನ ಬಾಜು ಕೂತ ಗೃಹಸ್ಥ ಕಿಸೆಯಿಂದ ಬೆರಳುದ್ದದ ಒಂದು ನಳಿಕೆ ತೆಗೆದು ಮೂಗಿನ ಹೊಳ್ಳೆಗೆ ತೂರಿಸಿ ಎಳೆದ. ಒಳಗೆ ಕರ್ಪೂರದ ಥರ ಏನೋ. ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನ ಹೆಂಗಸೂ ಅದನ್ನೇ ಮಾಡಿದಳು. ನಮ್ಮಲ್ಲಿ ನಶ್ಯ ಏರಿಸುವವರು ಮುಖ ತಿರುಗಿಸಿಕೊಳ್ಳುತ್ತಾರೆ. ಇಲ್ಲಿ ನಳಿಕೆ ಮೂಗಿನಲ್ಲಿರುವಾಗಲೇ ನನ್ನ ಕಡೆ ನೋಡಿ ನಕ್ಕರು.

ಝುಬೇದಾ ಆಪಾ ನಮಗಾಗಿ ಹೊಸ ಪಾತ್ರೆಗಳನ್ನು ತಂದಿಟ್ಟಿದ್ದಳು.

"ಬರ್ರಿ ಭಾಯಿ, ಕುಂದರ್ರಿ. ನಿಮ್ಮ ಅಡಗಿ ಬ್ಯಾರೆ ಭಾಂಡೇದಾಗ ಮಾಡೇನಿ. ಲಿಂಗಾಯತರ ಮನಿ ಬಾಜುಕನ ಬೆಳದಾಕಿ ನಾ, ನನಗ ಗೊತ್ತದ. ಆದ್ರ ಹೊರಗ ಮಾತ್ರ ನನ್ನ ಕೇಳದ ಏನೂ ತಿನಬ್ಯಾಡ್ರಿ."

ಅಂದೇ ಸಂಜೆ ಕೇಳದೆ ತಿಂದೆ. ರಸ್ತೆಯಲ್ಲಿ ಶ್ಯಾವಿಗೆಯಂಥದ್ದಕ್ಕೆ ಕಾಯಿಪಲ್ಯ ಹಾಕಿ ಹುರಿದು ಕೊಟ್ಟಳು ಒಬ್ಬಾಕೆ. ಮಾಂಸ ಇಲ್ಲ, ಮೀನು ಇಲ್ಲ ಎಂದು ಕಣ್ಣಿಂದಲೇ ತಪಾಸಣೆ ಮಾಡಿ ಎರಡು ತಟ್ಟೆ ಮುಗಿಸಿದೆ. ಉಪ್ಪಿನ ಬದಲು ಇಲ್ಲಿ ಮೀನು ಕೊಳೆಸಿ ಇಳಿಸಿದ ನೀರು ಹಾಕುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಮೂಸಿ ನೋಡಿ ಬೇಡವೆಂದಿದ್ದ ನೀಲಾ ಗೋಡೆ ಹಿಡಿದು ನಕ್ಕಳು. "ನಿಂದು ಬರೇ ಉದ್ದ ಮೂಗು, ಅಣ್ಣಾ. ವಾಸನಿ ನನಗ ಬಂತು."

ನನ್ನ ಉದ್ದ ಮೂಗಿಗೆ ಮಾತ್ರ ಅಲ್ಲಿ ಬಹಳ ಮರ್ಯಾದೆ. ಊರಲ್ಲಿ ಗಿಳಿಮೂಗ ಎಂದು ಕರೆಸಿಕೊಂಡವನು ನಾನು. ಝುಬೇದಾಳ ಅಂಗಡಿಯ ಹುಡುಗಿಯರು ಗುಂಪುಗೂಡಿ ನೋಡಿ, ಅಂಥದ್ದು ಮಾಡಿಸಿಕೊಳ್ಳಲು ಎಷ್ಟು ಸೂಜಿ ಬೇಕು ಎಂದು ತಮ್ಮತಮ್ಮಲ್ಲಿ ಲೆಕ್ಕ ಹಾಕಿದರಂತೆ.

ಎರಡನೆಯ ದಿನ, ಮಾಲಿಯ ಮೂಗು

ಅಂಗಡಿಯ ಹಿಂದೆ ಹೊಲಿಗೆ ಕೆಲಸ ಮಾಡುವ ಒಬ್ಬ ಹೆಂಗಸಿದ್ದಳು. ಹೆಸರು ಮಾಲಿ, ಮಲ್ಲಿಗೆ ಎಂದರ್ಥವಂತೆ. ಏಳು ವರ್ಷದ ಹಿಂದೆ ಮೂಗಿಗೆ ಸೂಜಿ ಹಾಕಿಸಿಕೊಂಡವಳು. ನೋಡಿಯೇ ನಿರ್ಧಾರ ಮಾಡಲಿ ಎಂದು ಝುಬೇದಾ ನೀಲಾಳನ್ನು ಆಕೆಯ ಮುಂದೆ ಕೂರಿಸಿದಳು.

ದೂರದಿಂದ ಚೆಂದವಿತ್ತು. ಹತ್ತಿರ ಹೋದಾಗ ದಿಂಡಿನ ಮೇಲೆ ಚರ್ಮ ಕೆಂಪಗೆ, ಹೊಳಪಾಗಿ, ಬಿಗಿಯಾಗಿ ಕಂಡಿತು. ಮಾಲಿ ನೀಲಾಳ ಬೆರಳು ಹಿಡಿದು ತನ್ನ ಮೂಗಿನ ಮೇಲೆ ಇಟ್ಟುಕೊಂಡಳು. ಅಲ್ಲಿ ತಲೆ, ಮುಖ ಮುಟ್ಟುವುದು ದೊಡ್ಡ ಮಾತು. ಅಂಗಡಿಯ ಹುಡುಗಿಯರು ಕೆಲಸ ನಿಲ್ಲಿಸಿ ನೋಡಿದರು.

"ಕಲ್ಲಾಗೇತಿ" ಎಂದಳು ನೀಲಾ.

ಮಾಲಿ ಹೇಳಿದ್ದನ್ನು ಝುಬೇದಾ ನಮಗೆ ಹೇಳುತ್ತ ಹೋದಳು. ಮೊದಲ ನಾಲ್ಕು ವರ್ಷ ಏನೂ ಇರಲಿಲ್ಲ, ಹಾಡಿಕೊಂಡು ಇದ್ದೆ. ಆಮೇಲೆ ಒಂದು ಸೆಕೆಗಾಲದಲ್ಲಿ ಕೆಂಪಾಯಿತು, ಹೋಗಲಿಲ್ಲ. ಗಂಟು ಕಟ್ಟಿತು. ಡಾಕ್ಟರ ಹತ್ತಿರ ಹೋದರೆ, ಸೂಜಿಯಿಂದ ಹೋದದ್ದು ಸೂಜಿಯಿಂದ ವಾಪಸು ಬರುವುದಿಲ್ಲ, ಮಾಂಸದಲ್ಲಿ ಸೇರಿಕೊಂಡಿದೆ, ಕೊಯ್ದರೆ ಗುರುತು ಉಳಿಯುತ್ತದೆ ಎಂದರು.

ಅಷ್ಟರಲ್ಲಿ ಆಕೆಯ ಮಗಳು ಶಾಲೆಯಿಂದ ಬಂದಳು. ಅಲ್ಲಿಯ ತಾಯಂದಿರು ಮಕ್ಕಳಿಗೆ ಮುತ್ತು ಕೊಡುವುದು ಬಾಯಿಂದಲ್ಲ. ಕೆನ್ನೆಗೆ ಮೂಗು ಒತ್ತಿ ಉಸಿರು ಒಳಗೆಳೆದುಕೊಳ್ಳುತ್ತಾರೆ, ಹೂವು ಮೂಸಿದ ಹಾಗೆ. ಮಾಲಿ ಬಾಗಿದಳು. ಮಗಳು ಕೆನ್ನೆ ಕೊಟ್ಟಳು, ಮೂಗು ತಾಗಿದ ಕೂಡಲೇ ಸ್ವಲ್ಪ ಹಿಂದೆ ಸರಿದಳು. ಮಾಲಿ ನಕ್ಕು ಏನೋ ಅಂದಳು. ಝುಬೇದಾ ಅದನ್ನು ಹೇಳಲಿಲ್ಲ. ಕೇಳಿದ ಮೇಲೆ, "ಕಲ್ಲು ಬಡೀತು ಅಂತಾಳ ಅಕಿ ಮಗಳು" ಎಂದಳು.

ಮನೆಗೆ ಬಂದ ಮೇಲೆ "ಬ್ಯಾಡ, ತಿರುಗಿ ಹೋಗೂಣು" ಎಂದೆ.

ನೀಲಾ ಕಿಟಕಿಯಲ್ಲಿ ಕೂತಿದ್ದಳು. "ಏಳು ವರ್ಷದ ಮಾತು ಅದು. ನಾಲ್ಕು ವರ್ಷ ಹಾಡಿಕೋತ ಇದ್ದಳಲ್ಲ ಆಕಿ?"

"ಆಮ್ಯಾಲ?"

"ಅಣ್ಣಾ, ನನಗ ಹೆದರಿಕಿ ಇಲ್ಲಂತ ತಿಳೀಬ್ಯಾಡ. ಸ್ವಲ್ಪನ ಹಾಕಸ್ತೀನಿ. ಬಶೀರಣ್ಣ ಅಂದಂಗ, ತೆಳ್ಳಗ."

ಬಶೀರನ ಮಾತು ಎಚ್ಚರಿಕೆಯೆಂದು ನಾನು ಅಂದುಕೊಂಡಿದ್ದೆ. ಆಕೆ ಅದನ್ನು ಅಳತೆ ಎಂದು ಇಟ್ಟುಕೊಂಡಿದ್ದಳು.

ಮೂರನೆಯ ದಿನ, ಕನ್ನಡಿಯ ಕೋಣೆ

ಕೂದಲು ಕತ್ತರಿಸುವ ಅಂಗಡಿಯ ಮಾಳಿಗೆಯ ಮೇಲೆ ಆ ಕೋಣೆ. ಚಪ್ಪಲಿ ಹೊರಗೆ ಬಿಟ್ಟೆವು. ಬಾಗಿಲ ಮುಂದೆ ಕಂಬದ ಮೇಲೊಂದು ಪುಟ್ಟ ಮನೆ, ಅದಕ್ಕೆ ಹೂವಿನ ಮಾಲೆ, ಒಂದು ಲೋಟ ನೀರು. ಆ ಜಾಗದ ದೇವತೆ ಅದರಲ್ಲಿರುತ್ತದಂತೆ. ಅನಗೋಳದ ಓಣಿಯ ಮೂಲೆಯ ಗುಡಿಗೆ ಕೈ ಮುಗಿಯುವವಳಲ್ಲ ನೀಲಾ; ಇದಕ್ಕೆ ಮುಗಿದಳು.

ಬಿಳಿ ಕೋಟಿನ ಹೆಂಗಸು ಐವತ್ತರ ಆಚೆಯವಳು, ಕೈ ಬಹಳ ಚೊಕ್ಕ. ಡಾಕ್ಟರೋ ಅಲ್ಲವೋ ಝುಬೇದಾಗೂ ಗೊತ್ತಿರಲಿಲ್ಲ. ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ಗಾಜಿನ ಬಾಟಲಿಯಲ್ಲಿ ನೀರಿನಷ್ಟು ತಿಳಿಯಾದ, ಔಡಲೆಣ್ಣೆಯಷ್ಟು ಮಂದವಾದ ದ್ರವ. ಚೀಟಿ ಇರಲಿಲ್ಲ. ಎಲ್ಲಿಂದ ಬರುತ್ತದೆ ಎಂದು ಝುಬೇದಾಳ ಮೂಲಕ ಕೇಳಿಸಿದೆ. "ಒಳ್ಳೆ ಕಡೆಯಿಂದ" ಎಂದು ಉತ್ತರ ಬಂತು.

ನೀಲಾ ಫೋಟೋ ಕೊಟ್ಟಳು. ಆಕೆ ಅದನ್ನು ನೋಡಿ, ಬದಿಯಿಂದ ತೆಗೆದದ್ದು ಬೇಕು ಎಂದಳು. ಇರಲಿಲ್ಲ. ಎದುರಿನಿಂದ ತೆಗೆದ ಚಿತ್ರದಲ್ಲಿ ಎತ್ತರ ಎಷ್ಟೆಂದು ಹೇಗೆ ತಿಳಿಯಬೇಕು ಎಂದು ಆಕೆ ಕೇಳಿದಳು. ಅವಳ ಪ್ರಶ್ನೆ ಸರಿಯಾಗಿತ್ತು. ನಾನು ಎಳೆದದ್ದು ಬೆಳಕಿನ ಗೆರೆ, ಅದಕ್ಕೆ ಎತ್ತರ ಎಂಬುದೇ ಇರಲಿಲ್ಲ. ಕೊನೆಗೆ ಆಕೆಯೇ ತನ್ನ ಅಂದಾಜಿಗೆ ತಲೆ ಆಡಿಸಿ ಸಿರಿಂಜು ತುಂಬಿದಳು.

ಇನ್ನು ಮುಂದಿನ ಎರಡು ಮೂರು ನಿಮಿಷಗಳಿಗಾಗಿಯೇ ನಾನು ಇದನ್ನೆಲ್ಲ ಬರೆಯುತ್ತಿರುವುದು. ಸೂಜಿ ದಿಂಡಿನ ಮೇಲೆ, ಹುಬ್ಬುಗಳ ಸ್ವಲ್ಪ ಕೆಳಗೆ ಹೋಯಿತು. ತಗ್ಗು ತುಂಬುವುದು ಕಂಡಿತು, ನಿಜವಾಗಿ ಕಂಡಿತು. ನನ್ನ ಪೆನ್ಸಿಲ್ಲಿನ ಗೆರೆ ಒಳಗಿನಿಂದ ಮೇಲೆ ಏಳುತ್ತಿದ್ದ ಹಾಗಿತ್ತು. ಆ ಗಳಿಗೆ ನನಗೆ ಸಂತೋಷವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಎರಡನೆಯ ಸಲ ಸೂಜಿ ಸ್ವಲ್ಪ ಬದಿಗೆ ಹೋಯಿತು. ಆಗ ಮೂಗಿನ ಪಕ್ಕಕ್ಕೆ, ಕಣ್ಣಿನ ಮೂಲೆಯ ಕಡೆ, ಒಂದು ಬಿಳಿ ಕಂಡೆ. ಚರ್ಮ ಒತ್ತಿದರೆ ಬಿಳಿಯಾಗುತ್ತದೆ, ಬಿಟ್ಟರೆ ಕೆಂಪು ಮರಳುತ್ತದೆ. ಇದು ಮರಳಲಿಲ್ಲ. ಇಪ್ಪತ್ತು ವರ್ಷ ಕಪ್ಪು ಬಿಳುಪಿನಲ್ಲಿ ಮುಖಗಳನ್ನು ನೋಡಿದ ಕಣ್ಣು ನನ್ನದು. ಆ ಬಿಳಿ ಅಲ್ಲಿ ಇರಬಾರದಿತ್ತು.

"ನಿಲ್ಲಸ್ರಿ" ಎಂದೆ. ಆ ಹೆಂಗಸಿಗೆ ಕನ್ನಡ ಬಾರದು. ಆಕೆಯ ಮಣಿಕಟ್ಟು ಹಿಡಿದೆ.

ಆಕೆ ಸಿಟ್ಟಾದಳು. ಇದೆಲ್ಲ ಆಗುವುದೇ, ತಿಕ್ಕಿದರೆ ಹೋಗುತ್ತದೆ, ಅರ್ಧಕ್ಕೆ ಬಿಟ್ಟರೆ ಮೂಗು ಸೊಟ್ಟ ಕಾಣುತ್ತದೆ ಎಂದಳಂತೆ. ನೀಲಾಗೆ ಹಣೆಯ ತನಕ ನೋವು ಸೆಳೆಯುತ್ತಿತ್ತು. ಆಗ ಆಕೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ಅಣ್ಣಾ, ಒಂದ ಕಣ್ಣಿನ್ಯಾಗ ಮಂಜು ಬಂದಂಗ ಆಗೇತಿ."

ನೀಲಾ ಹೇಳುವುದು ಬೇರೆ. ಮಂಜು ಎಂದು ತಾನು ಅನ್ನಲೇ ಇಲ್ಲ, "ನೋವಾಗ್ತೈತಿ, ಆದ್ರ ಮುಗಸ್ಲಿ" ಎಂದೆ, ನೀನು ಕೇಳಿಸಿಕೊಳ್ಳದೆ ಎಳೆದುಕೊಂಡು ಹೊರಟೆ ಎನ್ನುತ್ತಾಳೆ. ಝುಬೇದಾಗೆ ಚಪ್ಪಲಿ ಹುಡುಕಿದ್ದೊಂದೇ ನೆನಪು.

ಅದೇ ದಿನ, ಆಸ್ಪತ್ರೆ

ಮೂರು ಗಾಲಿಯ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದೆವು. ಡಾಕ್ಟರು ವಯಸ್ಸಾದವರು, ಮೆಲ್ಲಗೆ ಇಂಗ್ಲಿಷ್ ಮಾತಾಡುವವರು. ಮೊದಲು ಮೂಗಿನ ಚರ್ಮವನ್ನು ಬೆರಳಿಂದ ಒತ್ತಿ ಬಿಟ್ಟರು, ಬಣ್ಣ ಬರುವುದನ್ನು ಕಾದರು. ಬಂತು, ತಡವಾಗಿ. ಅಥವಾ ನನಗೆ ತಡ ಎನ್ನಿಸಿತು.

ಆಮೇಲೆ ಒಂದು ಕಣ್ಣು ಮುಚ್ಚಿಸಿ ಗೋಡೆಯ ಹಲಗೆ ಓದಲು ಹೇಳಿದರು. ಹಲಗೆಯ ಅಕ್ಷರಗಳೆಲ್ಲ ಅವರ ಲಿಪಿಯವು. ನೀಲಾ ನನ್ನ ಕಡೆ ನೋಡಿದಳು. ನನಗೆ ಕೈಚೀಲದಲ್ಲಿ ಹಿಂಡಿ ಡಬ್ಬಿಗೆ ಸುತ್ತಿದ್ದ ಪೇಪರು ನೆನಪಾಯಿತು. ಎಣ್ಣೆಯ ಕಲೆಯ ಹಾಳೆಯನ್ನು ಬಿಡಿಸಿ ಹಿಡಿದೆ. ಆಕೆ ಒಂದು ಕಣ್ಣು ಮುಚ್ಚಿ ಓದಿದಳು: ಲೋಂಡಾ ಬಳಿ ಮರ ಬಿದ್ದು ರೈಲು ತಡ, ಜನರ ಪರದಾಟ. ಇನ್ನೊಂದು ಕಣ್ಣು ಮುಚ್ಚಿ ಓದಿದಳು, ತಡವರಿಸದೆ. ಡಾಕ್ಟರು ನನ್ನ ಕಡೆ ನೋಡಿದರು. ಸರಿಯಿದೆ ಎಂದೆ.

ಸರಿಯಿದೆ ಎಂದ ಮೇಲೆ ಹೊಳೆಯಿತು. ಮೂರು ದಿನದಿಂದ ನಮ್ಮ ಹತ್ತಿರ ಇದ್ದ ಕನ್ನಡ ಅದೊಂದೇ ಹಾಳೆ. ಊಟ ಮಾಡುವಾಗ, ಬೇಸರವಾದಾಗ, ಇಬ್ಬರೂ ಅದನ್ನು ಎಷ್ಟು ಸಲ ಓದಿದ್ದೆವೆಂದರೆ ನೀಲಾಗೆ ಎರಡೂ ಬದಿ ಬಾಯಿಪಾಠ. ನೋಡಿ ಓದಿದಳೋ ನೆನಪಿನಿಂದ ಓದಿದಳೋ ನಾನು ಹೇಳಲಾರೆ ಎಂದು ಡಾಕ್ಟರಿಗೆ ಒಪ್ಪಿಸಿದೆ. ಅವರು ಮೊದಲ ಸಲ ನಕ್ಕರು. ದೂರ ನಿಂತು, ಮತ್ತೆ ಒಂದೊಂದೇ ಕಣ್ಣು ಮುಚ್ಚಿಸಿ ಬೆರಳು ತೋರಿಸಿದರು. ಎರಡು, ಐದು, ಮೂರು ಎಂದಳು ನೀಲಾ. ಅದು ಸರಿಯಿತ್ತು.

ಸಂಜೆಯ ತನಕ ಅಲ್ಲೇ ಕೂರಿಸಿಕೊಂಡರು. ಒತ್ತಿದ ಚರ್ಮಕ್ಕೆ ಬಣ್ಣ ಸಲೀಸಾಗಿ ಮರಳುತ್ತಿದೆ ಎಂದು ಖಾತ್ರಿಯಾದ ಮೇಲೆ ಒಂದು ಕಾಗದದಲ್ಲಿ ಮೂಗು ಬರೆದು ತೋರಿಸಿದರು. ಮೂಗಿನ ಸಣ್ಣ ರಕ್ತನಾಳಗಳು, ಕಣ್ಣಿಗೆ ರಕ್ತ ಒಯ್ಯುವ ನಾಳ, ಇವು ಒಂದೇ ಮನೆಯ ಬೇರೆ ಬೇರೆ ಬಾಗಿಲುಗಳು. ಎಣ್ಣೆ ಚರ್ಮದ ಕೆಳಗೆ ನಿಂತರೆ ಒಂದು ಮಾತು. ನಾಳದೊಳಗೆ ಹೋದರೆ ಒತ್ತಡಕ್ಕೆ ಹಿಂದಕ್ಕೆ ಹರಿದು ಕಣ್ಣಿನ ದಾರಿ ಮುಚ್ಚಬಹುದು. ಆಗ ಆ ಕಣ್ಣು ತಿರುಗಿ ಬರುವುದು ಕಷ್ಟ. ಚರ್ಮ ಬಿಳಿಯಾಗಿ ಹಾಗೇ ಉಳಿದರೆ, ಜೋರು ನೋವು ಬಂದರೆ, ಕಣ್ಣು ಮಂಜಾದರೆ ಕೈ ಅಲ್ಲಿಗೇ ನಿಲ್ಲಬೇಕು. ತಾನು ಅಂಥ ಒಬ್ಬರನ್ನು ನೋಡಿದ್ದೇನೆ ಎಂದರು.

"ಇವಳಿಗೆ ಅದೇ ಆಗುತ್ತಿತ್ತೇ?" ಎಂದು ಕೇಳಿದೆ.

"ಬಾಟಲಿ ತಂದಿದ್ದೀರಾ? ಇಲ್ಲ. ಬಿಳಿಯನ್ನು ನಾನು ನೋಡಿದೆನೇ? ಇಲ್ಲ." ಅವರು ಪೆನ್ನಿನ ಮುಚ್ಚಳ ಹಾಕಿದರು. "ಒಳಗೆ ಹೋದದ್ದನ್ನು ತೆಗೆಯುವ ಮದ್ದು ನನ್ನಲ್ಲಿಲ್ಲ. ಒತ್ತಬೇಡಿ, ಶಾಖ ಕೊಡಬೇಡಿ. ಅದಕ್ಕೆ ಕಾಲಿಲ್ಲ, ಆದರೆ ತಳ್ಳಿದರೆ ನಡೆಯುತ್ತದೆ."

ಹೊರಗೆ ಬಂದು ನೀಲಾ ಬಹಳ ಹೊತ್ತು ಒಂದೊಂದೇ ಕಣ್ಣು ಮುಚ್ಚಿ ರಸ್ತೆ ನೋಡಿದಳು. ಉಳಿದ ದಿನಗಳಲ್ಲಿ ಬುದ್ಧನ ಗುಡಿಗಳನ್ನು ನೋಡಿದೆವು, ಚಿಗವ್ವನಿಗೆ ಹೇಳಿದ ಮಾತಾದರೂ ನಿಜವಾಗಲಿ ಎಂದು. ದೊಡ್ಡ ಮಲಗಿದ ಬುದ್ಧನ ಮುಂದೆ ನಿಂತು ನೀಲಾ, "ಎಷ್ಟ ನೆಟ್ಟಗ ಮೂಗು" ಎಂದಳು. ಆಮೇಲೆ ಎಡಗಣ್ಣು ಮುಚ್ಚಿಯೂ ನೋಡಿದಳು, ಬಲಗಣ್ಣು ಮುಚ್ಚಿಯೂ ನೋಡಿದಳು.

ಮುಂಬಯಿ

ಬರುವಾಗ ವಿಮಾನ ನಿಲ್ದಾಣದ ಅಧಿಕಾರಿ ಪಾಸ್‌ಪೋರ್ಟ್ ಫೋಟೋ ನೋಡಿದ, ಊದಿಕೊಂಡ ಮೂಗು ನೋಡಿದ. ಫೋಟೋದ ಮೂಗಲ್ಲ ಇದು ಎಂದು ಹಿಂದಿಯಲ್ಲಿ ಹೇಳಿದ. ಜನ್ಮದಲ್ಲಿ ನಾನು ತಿದ್ದದೆ ಬಿಟ್ಟ ಒಂದೇ ಒಂದು ಫೋಟೋಕ್ಕೆ ಮುಖವೇ ಕೈಕೊಟ್ಟಿತ್ತು. ಬಾಗಿಲು ಬಡಿಯಿತು ಎಂದಳು ನೀಲಾ. ಅವನು ಮರುಕಪಟ್ಟು ಬಿಟ್ಟ. ಅದೇ ಬಾಗಿಲನ್ನು ಖಾನಾಪುರದ ತನಕ ಒಯ್ದೆವು.

ಮತ್ತೆ ಖಾನಾಪುರ

ಹದಿನೈದು ದಿನ ಬಿಟ್ಟು ನಾನು ಖಾನಾಪುರಕ್ಕೆ ಹೋದೆ. ಅಡುಗೆಮನೆಯಿಂದ ಬಿಸಿ ಎಣ್ಣೆಯ ವಾಸನೆ. ನೀಲಾ ಚಿಗವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಚಿಗವ್ವ ಎರಡು ಬೆರಳಿನಲ್ಲಿ ಮೂಗಿನ ದಿಂಡು ಹಿಡಿದು ಒತ್ತುತ್ತಿದ್ದಳು, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ.

"ಏನ್ ಮಾಡಾಕತ್ತೀ ಚಿಗವ್ವಾ?"

"ಬಾ ತಮ್ಮಾ. ಬಾಗಲಾ ಬಡದು ಬಾವು ಬಂದೈತಲ್ಲ, ದಿನಾ ಎಣ್ಣಿ ಹಚ್ಚಿ ತಿಕ್ಕಾಕತ್ತೇನಿ. ನೋಡ ಹೆಂಗ ಎದ್ದೈತಿ. ಆವಾಗ ಕೂಸಿದ್ದಾಗ ತಪ್ಪಿದ್ದು ಈಗ ಬಂತು."

ಆಕೆಯ ಮುಖದಲ್ಲಿ ಅಂಥ ಬೆಳಕನ್ನು ನಾನು ಮುಂಚೆ ನೋಡಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ತಪ್ಪು ತಿದ್ದಿದ ಬೆಳಕು. ನೀಲಾ ಕಣ್ಣು ಬಿಟ್ಟು ನನ್ನ ನೋಡಿದಳು, ತಲೆ ಅಲ್ಲಾಡಿಸದೆ.

ಆಮೇಲೆ ಹಿತ್ತಲಲ್ಲಿ ಕೇಳಿದೆ: "ಡಾಕ್ಟರ್ ಏನಂದಿದ್ರು?"

"ಗೊತ್ತೈತಿ. ಏನಂತ ಬ್ಯಾಡನ್ಲಿ? ಬ್ಯಾಡಂದ್ರ ಎಲ್ಲಾ ಹೇಳಬೇಕು. ಮತ್ತ ಎರಡು ದಿನಾ ಆದಮ್ಯಾಲ..." ಆಕೆ ಮೂಗು ಮುಟ್ಟಿಕೊಳ್ಳಲು ಹೋಗಿ ಕೈ ಇಳಿಸಿದಳು. "ಅವ್ವನ ಕೈ ಭಾಳ ಮೆತ್ತಗದ, ಅಣ್ಣಾ."

ಅಂದು ನಾವೇ ಚಿಗವ್ವನಿಗೆ ನಿಜ ಹೇಳಿದೆವು. ಆಕೆ ಬೈಯಲಿಲ್ಲ. ಎಣ್ಣೆಯ ಬಟ್ಟಲನ್ನು ತೊಳೆದು ಬೋರಲು ಹಾಕಿದಳು. ತಿಂಗಳೊಪ್ಪತ್ತಿನಲ್ಲಿ ದಿಂಡಿನ ಎತ್ತರ ಅರ್ಧ ಇಳಿದು, ಕಣ್ಣಿನ ಒಳಮೂಲೆಯಲ್ಲಿ ಜೋಳದ ಕಾಳಿನಷ್ಟು ಒಂದು ಗಂಟು ನಿಂತಿತು. ಅದು ಚಿಗವ್ವನ ಬೆರಳಿಗೆ ನಡೆದದ್ದೋ ತಾನಾಗಿ ನಡೆಯುತ್ತಿತ್ತೋ ಯಾರಿಗೆ ಗೊತ್ತು.

ಆ ಗಂಟು ಈಗಲೂ ಇದೆ. ಚಳಿಗಾಲದಲ್ಲಿ ಸ್ವಲ್ಪ ಕೆಂಪಾಗುತ್ತದೆ. ಪ್ರತಿ ಸಲ ಕೆಂಪಾದಾಗ ನಾವಿಬ್ಬರೂ ಮಾಲಿಯನ್ನು ನೆನೆಯುತ್ತೇವೆ, ಹೆಸರು ಹೇಳುವುದಿಲ್ಲ. ನೀಲಾ ಮದುವೆಯಾಗಲಿಲ್ಲ, ಅದಕ್ಕೂ ಮೂಗಿಗೂ ಸಂಬಂಧವಿಲ್ಲ ಎನ್ನುತ್ತಾಳೆ, ನಾನು ನಂಬುತ್ತೇನೆ. ಈಗ ಆಕೆ ಮುಖ್ಯ ಬಾಯಿ. ಆಕೆಗೆ ಚಷ್ಮಾ ಬಂದ ಮೇಲೆ ಅದರ ಮೂಗಿನ ಮೇಲಿನ ಕೊಂಡಿ ಕೂತು ಗಂಟು ಕಾಣುವುದಿಲ್ಲ. ಇತ್ತೀಚೆಗೆ ಒಂದು ಪತ್ರಿಕೆಯಲ್ಲಿ ಓದಿದೆ: ಪರದೇಶದಲ್ಲಿ ಹೊಸ ಸೂಜಿಮದ್ದು ಬಂದಿದೆಯಂತೆ, ಹಸುವಿನ ಚರ್ಮದಿಂದ ತೆಗೆದದ್ದು, ಕೆಲವು ತಿಂಗಳಿಗೆ ತಾನೇ ಕರಗುತ್ತದಂತೆ. ನೀಲಾಗೆ ಹೇಳಿದೆ.

"ಆಕಳ ಚರ್ಮಾ? ಅವ್ವನ ಮುಂದ ಅನಬ್ಯಾಡ ಮತ್ತ" ಎಂದಳು. ಆಮೇಲೆ, "ಕರಗಿದಮ್ಯಾಲ ಮತ್ತ ಅದ ಮೂಗು ಬರತೈತೇನು?" ಎಂದೂ ಕೇಳಿದಳು. ಕುತೂಹಲ ಪೂರ್ತಿ ಸತ್ತಿಲ್ಲ.

ಮೊನ್ನೆ ಶಾಲೆಯ ಯಾವುದೋ ಕಾಗದಕ್ಕೆ ಫೋಟೋ ಬೇಕೆಂದು ಸ್ಟುಡಿಯೋಕ್ಕೆ ಬಂದಳು. ಚಷ್ಮಾ ತೆಗೆದಳು. ಫೋಟೋ ತೆಗೆದು, ತೊಳೆದು ನೋಡಿದೆ: ದೀಪದ ಬೆಳಕು ಆ ಗಂಟಿನ ಮೇಲೆ ಬಿದ್ದು ಅಲ್ಲೊಂದು ಬಿಳಿ ಚುಕ್ಕೆ ಬಂದಿತ್ತು. ದೀಪದ ಬಿಳಿ. ನಾನು ಬಹಳ ಹೊತ್ತು ಅದನ್ನು ನೋಡುತ್ತ ನಿಂತದ್ದನ್ನು ಕಂಡು ಆಕೆ ಕೇಳಿದಳು, ಹತ್ತು ವರ್ಷದಲ್ಲಿ ಮೊದಲ ಸಲ:

"ಅಣ್ಣಾ, ಖರೇ ಹೇಳು. ಆವತ್ತ ಬೆಳ್ಳಗಾದದ್ದು ನೀ ನೋಡಿದ್ದಿ?"

ಆ ಕೋಣೆಯಲ್ಲಿ ಕುರ್ಚಿಯ ಮೇಲೆ ಒಂದು ದೊಡ್ಡ ದೀಪವಿತ್ತು. ಎದುರಿಗೆ ಕನ್ನಡಿಯಿತ್ತು. ತುಂಬುತ್ತಿರುವ ಚರ್ಮ ಬಿಗಿಯಾಗಿ ಹೊಳೆಯುತ್ತದೆ. ನಾನು ಆಕೆಯ ಕಣ್ಣು ಉಳಿಸಿದೆನೋ, ಇನ್ನೊಂದು ನಿಮಿಷದಲ್ಲಿ ಮುಗಿಯಬಹುದಾಗಿದ್ದ ಆಕೆಯ ಮೂಗನ್ನು ಒಂದು ದೀಪದ ಬೆಳಕಿಗೆ ಹೆದರಿ ಕೆಡಿಸಿದೆನೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಆಕೆಗೂ ಹೇಳಿದೆ.